ಉಕ್ಕನ್ನು ಕಾಯಿಸದೆ ಬಾಗಿಸುವ ಶಿವರುದ್ರಮ್ಮ

ಬೆಳಗಿನ ಐದೂಕಾಲು ಗಂಟೆ. ಪಿರಿಯಾಪಟ್ಟಣದ ಬೆಟ್ಟದಪುರ ರಸ್ತೆಯಲ್ಲಿ ಹಾಲಿನ ಡೇರಿಯ ಮುಂದಿನ ಎರಡು ಕ್ಯಾನು, ಅವುಗಳನ್ನು ಕಾಯುತ್ತಿರುವ ಮೂರು ನಾಯಿ ಬಿಟ್ಟರೆ ಇನ್ಯಾರಿಗೂ ಬೆಳಗಾಗಿಲ್ಲ. ಸೈಕಲ್ ಅಂಗಡಿಯೊಂದರ ಷಟರ್ ಮಾತ್ರ ಸೊಂಟದವರೆಗೆ ಎದ್ದಿದೆ. ಒಳಗೆ ಒಂದೇ ಬಲ್ಬು. ಅದರ ಕೆಳಗೆ ಶಿವರುದ್ರಮ್ಮ ನೆಲದ ಮೇಲೆ ಕಾಲು ನೀಡಿ ಕೂತಿದ್ದಾರೆ, ಎಳೆಮಗುವಿಗೆ ಎಣ್ಣೆನೀರು ಹಾಕಲು ಅಜ್ಜಿಯರು ಕೂರುವ ಹಾಗೆ. ಮಗುವಿನ ಜಾಗದಲ್ಲಿ ನೀಲಿ ಬಣ್ಣದ ಹಳೆಯ ರೇಸ್ ಸೈಕಲ್ಲೊಂದರ ಬರೀ ಫ್ರೇಮು ಇದೆ. ಚಕ್ರವಿಲ್ಲ, ಹ್ಯಾಂಡಲ್ ಇಲ್ಲ, ಸೀಟಿಲ್ಲ.

ಫ್ರೇಮನ್ನು ಹತ್ತಿಯ ಪಟ್ಟಿಯಿಂದ ಮರದ ದಿಮ್ಮಿಗೆ ಬಿಗಿದು ಕಟ್ಟಿದ್ದಾರೆ. ಹಿಂದಿನ ಚಕ್ರವನ್ನು ಎಡಬಲದಿಂದ ಹಿಡಿದುಕೊಳ್ಳುವ ಸಪೂರ ಕೊಳವೆಗಳಿಗೆ ಅವರು ತೋಳು ಎನ್ನುತ್ತಾರೆ. ಆ ಎರಡು ತೋಳುಗಳ ನಡುವೆ ಹುಣಸೆ ಮರದ ಹಲಗೆಯೊಂದನ್ನು ತೂರಿಸಿ, ಅದರ ತುದಿಗೆ ಬಲಗಾಲಿನ ಹಿಮ್ಮಡಿ ಕೊಟ್ಟು ಮೆಲ್ಲಗೆ ಒತ್ತುತ್ತಾರೆ. ಒತ್ತಿ, ಉಸಿರು ಬಿಗಿಹಿಡಿದು, ಕಿವಿ ಕೊಡುತ್ತಾರೆ. ಅಷ್ಟರಲ್ಲಿ ಗಂಡ ಮಲ್ಲೇಶ್ ಕಾಫಿ ತಂದು ಬೆಂಚಿನ ಮೇಲೆ ಲೋಟ ಇಟ್ಟ ಸದ್ದಾಗುತ್ತದೆ.

“ಏನ್ರೀ, ಒಸಿ ಮೆಲ್ಲುಗೆ ಇಡ್ಬಾರ್ದಾ? ಫ್ರೇಮು ಮಾತಾಡೋ ಟೇಮು ಇದು.”

“ನಾನು ಮಾತಾಡಿದ್ರೆ ಯಾವತ್ತು ಇಂಗೆ ಕಿವಿ ಕೊಟ್ಟಿದ್ದೆ ನೀನು?” ಎನ್ನುತ್ತಾ ಮಲ್ಲೇಶ್ ಷಟರಿನ ಕೆಳಗೆ ತೂರಿ ಹೊರಗೆ ಹೋಗಿ ನಿಲ್ಲುತ್ತಾರೆ.

ಹಿಮ್ಮಡಿ ಇನ್ನೊಂದು ಕೂದಲೆಳೆಯಷ್ಟು ಮುಂದಕ್ಕೆ ಹೋಗುತ್ತದೆ. ಫ್ರೇಮಿನ ಒಳಗೆಲ್ಲೋ ಟಿಕ್ ಎಂಬ ಸಣ್ಣ ಸದ್ದು. ಶಿವರುದ್ರಮ್ಮ ತಕ್ಷಣ ಕಾಲು ತೆಗೆಯುತ್ತಾರೆ. ಸೆರಗಿನ ತುದಿಗೆ ಗಂಟು ಹಾಕಿದ್ದ ದಾರ ಬಿಚ್ಚಿ, ಅದನ್ನು ಒಂದು ಕಡೆಯ ತೋಳಿನ ತುದಿಯಿಂದ ಮುಂದಿನ ಹ್ಯಾಂಡಲ್ ಕೊಳವೆಯನ್ನು ಬಳಸಿ ಇನ್ನೊಂದು ಕಡೆಯ ತುದಿಗೆ ಎಳೆದು ಕಟ್ಟುತ್ತಾರೆ. ಸೀಟಿನ ಕೊಳವೆಗೂ ದಾರಕ್ಕೂ ನಡುವೆ ಇರುವ ಜಾಗವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಸ್ಕೇಲಿಟ್ಟು ನೋಡುತ್ತಾರೆ. ಎರಡೂ ಒಂದೇ ಬಂದರೆ ಫ್ರೇಮು ನೆಟ್ಟಗಿದೆ ಎಂದು ಅರ್ಥ.

“ಅರ್ಧ ಮಿಲಿಮೀಟ್ರು ಬಂತು,” ಎಂದು ಅವರು ಆರಿದ ಕಾಫಿಗೆ ಕೈ ಚಾಚುತ್ತಾರೆ. “ಇವತ್ತಿಗೆ ಇಷ್ಟು ಸಾಕು. ಒಂದೇ ದಿಸ ಜಾಸ್ತಿ ಕೇಳ್ಬಾರ್ದು ಅದುನ್ನ.”

ಐವತ್ತೆರಡು ವರ್ಷದ ಈ ಹೆಂಗಸು ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಹೆಸರೇ ಇಲ್ಲ. ನಲವತ್ತು ಐವತ್ತು ವರ್ಷದ ಹಿಂದಿನ ಉಕ್ಕಿನ ರೇಸ್ ಸೈಕಲ್ಲುಗಳಿಗೆ ಈಗಿನ ಕಾಲದ ಗೇರು, ಬ್ರೇಕು, ಚಕ್ರ ಕೂರಿಸಿ ಮತ್ತೆ ರಸ್ತೆಗೆ ಬಿಡುವುದು ಅವರ ಕಸುಬು. ಕೇಳಲು ಸುಲಭ. ತೊಡಕಿರುವುದು ಅಳತೆಯಲ್ಲಿ. ಹಳೆಯ ಫ್ರೇಮಿನ ಹಿಂದಿನ ತೋಳುಗಳ ನಡುವೆ ಐದಾರು ಹಲ್ಲುಚಕ್ರ ಕೂರುವಷ್ಟೇ ಜಾಗ, ಅಂದರೆ ನೂರ ಇಪ್ಪತ್ತಾರು ಮಿಲಿಮೀಟರ್. ಈಗಿನ ಒಂಬತ್ತು ಹತ್ತು ಹಲ್ಲುಚಕ್ರದ ಸೆಟ್ಟಿಗೆ ನೂರ ಮೂವತ್ತು ಬೇಕು. ನಡುವಿನ ವ್ಯತ್ಯಾಸ ಒಂದು ಹೆಸರುಕಾಳಿನಷ್ಟು. ಆ ಒಂದು ಹೆಸರುಕಾಳಿಗೋಸ್ಕರ ಶಿವರುದ್ರಮ್ಮ ಲಾರಿಗಳ ಸದ್ದು ಶುರುವಾಗುವ ಮೊದಲೇ ಎದ್ದು ಐದಾರು ಬೆಳಗು ಕೂರುತ್ತಾರೆ. ಒಂದೊಂದು ತೋಳಿಗೆ ಎರಡು ಮಿಲಿಮೀಟರ್ ಉಳಿಯಬೇಕಾದರೆ ಇಪ್ಪತ್ತು ಮಿಲಿಮೀಟರ್ ತಳ್ಳಬೇಕು, ಮಿಕ್ಕದ್ದನ್ನು ಉಕ್ಕು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಸ್ವಲ್ಪ ಹೆಚ್ಚಾದರೆ ಕೊಳವೆ ಸೊಟ್ಟಗಾಗುತ್ತದೆ ಅಥವಾ ಬೆಸುಗೆ ಬಿರಿಯುತ್ತದೆ.

ಬೆಂಕಿ ಮಾತ್ರ ಈ ಅಂಗಡಿಯ ಒಳಗೆ ಬರುವಂತಿಲ್ಲ. ಕಬ್ಬಿಣ ಕಾದಾಗಲೇ ಬಡಿಯಬೇಕು ಎಂದು ಲೋಕವೆಲ್ಲ ಹೇಳಿಕೊಂಡು ಬಂದಿದೆ. ಶಿವರುದ್ರಮ್ಮನವರ ಎದುರು ಆ ಗಾದೆ ಹೇಳಿದವರಿಗೆ ಕಾಫಿ ಸಿಗುವುದಿಲ್ಲ.

ಅದಕ್ಕೆ ಕಾರಣ ಅಂಗಡಿಯ ಗೋಡೆಯ ಮೇಲೇ ಇದೆ. ಷಟರಿನ ಕೆಳಗೆ ಬಗ್ಗಿ ಒಳಗೆ ಬಂದು ತಲೆಯೆತ್ತಿದ ಯಾರಿಗಾದರೂ ಮೊದಲು ಕಾಣುವುದು ಮೊಳೆಗೆ ನೇತುಹಾಕಿದ ಇನ್ನೊಂದು ನೀಲಿ ಫ್ರೇಮು. ಅದರ ಬಲಗಡೆಯ ತೋಳು ಮೊಣಕೈ ಮಡಚಿದಂತೆ ಒಳಕ್ಕೆ ಮಡಚಿಕೊಂಡಿದೆ. ಕೆಳಗೆ ರಟ್ಟಿನ ಮೇಲೆ ಬಿಳಿ ಪೇಂಟಿನ ದಪ್ಪ ಅಕ್ಷರ: “ಇದು ನಾನು ಕೆಡಿಸಿದ ಸೈಕಲ್ಲು. ನೋಡಿ, ಆಮೇಲೆ ನಿಮ್ಮದು ಕೊಡಿ. ಶಿವರುದ್ರಮ್ಮ.”

ಯಾರೇ ಹಳೆಯ ಸೈಕಲ್ ಹೊತ್ತು ತರಲಿ, ಅವರನ್ನು ಮೊದಲು ಈ ಗೋಡೆಯ ಮುಂದೆ ನಿಲ್ಲಿಸಿ, ಅದು ಹೇಗೆ ಮುರಿಯಿತು ಎಂದು ಅಮ್ಮ ಒಂದಕ್ಷರ ಬಿಡದೆ ಹೇಳುತ್ತಾರೆ. ಕೇಳಿದ ಮೇಲೂ ಕೊಡುವ ಮನಸ್ಸಿದ್ದರೆ ಮಾತ್ರ ಸೈಕಲ್ಲನ್ನು ಕೈಗೆತ್ತಿಕೊಳ್ಳುತ್ತಾರೆ. ಹನ್ನೊಂದು ವರ್ಷದಿಂದ ಇದೇ ಪದ್ಧತಿ. ಮಲ್ಲೇಶರಿಗೆ ಇದು ಅರಗಿಲ್ಲ.

“ಬೇರೆ ಅಂಗಡೀಲಿ ಲಕ್ಷ್ಮಿ ಫೋಟೊ ಆಕ್ತರೆ. ನಮ್ಮವ್ಳು ತನ್ ತಪ್ಪುನ್ನ ತೂಗಾಕವ್ಳೆ. ಯಾಪಾರ ಎಲ್ಲಿಂದ ಆಗ್ಬೇಕು ಏಳಿ?” ಎನ್ನುತ್ತಾರೆ. ಆದರೂ ಪ್ರತಿ ಶುಕ್ರವಾರ ಆ ಮುರುಕಲು ಫ್ರೇಮಿನ ಧೂಳು ಒರೆಸುವವರು ಅವರೇ.

ಶಿವರುದ್ರಮ್ಮ ಹುಟ್ಟಿದ್ದು ಕೆ.ಆರ್. ನಗರ ತಾಲ್ಲೂಕಿನ ಭೇರ್ಯದ ಹತ್ತಿರದ ಹಳ್ಳಿಯಲ್ಲಿ, ಭತ್ತ ಬೆಳೆಯುವ ಮನೆಯಲ್ಲಿ. ಹತ್ತೊಂಬತ್ತಕ್ಕೆ ಮದುವೆಯಾಗಿ ಪಿರಿಯಾಪಟ್ಟಣಕ್ಕೆ ಬಂದಾಗ ಇಲ್ಲಿ ಎಲ್ಲವೂ ಹೊಗೆಸೊಪ್ಪು. ಗಂಡನ ಮನೆಗೆ ಎರಡೆಕರೆ ಜಮೀನು, ಸೊಪ್ಪು ಬೇಯಿಸುವ ಒಂದು ಬ್ಯಾರನ್ನು, ಜೊತೆಗೆ ಮಾವ ಕೆಂಪಯ್ಯನವರ ಬಾಡಿಗೆ ಸೈಕಲ್ ಅಂಗಡಿ. ಹಗಲೆಲ್ಲ ಹಸಿ ಎಲೆಗಳನ್ನು ದಾರದಲ್ಲಿ ಕಡ್ಡಿಗೆ ಕಟ್ಟುವುದು ಹೊಸ ಸೊಸೆಯ ಪಾಲಿಗೆ ಬಂತು. ಅವರ ಕೈಯ ಚುರುಕು ನೋಡಿದ ಕೆಂಪಯ್ಯ ಒಂದು ದಿನ ಬರೀ ರಿಮ್ಮು, ಒಂದು ಹಿಡಿ ಸ್ಪೋಕು ತಂದು ಅಡುಗೆಮನೆಯ ಹೊಸ್ತಿಲ ಮೇಲಿಟ್ಟು, ಸೊಪ್ಪು ಕಟ್ಟುವ ಕೈಗೆ ಇದೇನು ಮಹಾ ಎಂದರಂತೆ.

“ಮುಂದುಲ್ ಚಕ್ರುಕ್ಕೆ ಮೂವತ್ತೆರಡು ಕಡ್ಡಿ, ಇಂದುಲ್ದಕ್ಕೆ ನಲವತ್ತು. ಅನ್ನಕ್ಕಿಟ್ಟು ಕೂತ್ರೆ ಅದು ಉಕ್ಕೋ ಒತ್ಗೆ ಒಂದು ಚಕ್ರ ಕಟ್ತಿದ್ದೆ. ಎಷ್ಟೋ ಸಲ ಅನ್ನ ಸೀದೋಯ್ತು, ಚಕ್ರ ಮಾತ್ರ ಸೊಟ್ಟಾಗ್ನಿಲ್ಲ,” ಎಂದು ನಗುತ್ತಾರೆ ಅವರು.

ಕೆಂಪಯ್ಯನವರ ಕಾಲಕ್ಕೆ ನಲವತ್ತು ಬಾಡಿಗೆ ಸೈಕಲ್ಲು ಅಂಗಡಿಯ ಮುಂದೆ ಸಾಲಾಗಿ ನಿಲ್ಲುತ್ತಿದ್ದವು. ಮೊಪೆಡ್ಡು ಬಂತು, ಆಮೇಲೆ ಮನೆಗೊಂದು ಬೈಕು ಬಂತು. ನಲವತ್ತು ಇಪ್ಪತ್ತಾಗಿ, ಇಪ್ಪತ್ತು ಎರಡಾಗಿ, ಕೊನೆಯ ಎರಡನ್ನು ಗುಜರಿಯವನು ತಳ್ಳಿಕೊಂಡು ಹೋದ. ಆ ಹೊತ್ತಿಗೆ ಕೆಂಪಯ್ಯನೂ ಇರಲಿಲ್ಲ. ಮಲ್ಲೇಶ್ ಪಂಕ್ಚರ್ ಹಾಕುವುದು ಹಿಡಿದರು, ಚಕ್ರದ ಬೆಂಡು ತೆಗೆಯುವ ಕೆಲಸಕ್ಕೆ ಶಿವರುದ್ರಮ್ಮ ಅಡುಗೆಮನೆಯಿಂದ ಅಂಗಡಿಗೇ ಬಂದು ಕೂತರು. ಬಂದವರೆಲ್ಲ ಅವರ ತಲೆಯ ಮೇಲಿನಿಂದ ಒಳಗೆ ಇಣುಕಿ, “ಯಜಮಾನ್ರಿಲ್ವಾ?” ಎಂದು ಕೇಳುತ್ತಿದ್ದರು. ಯಜಮಾನರು ಎದುರುಗಡೆ ಟೀ ಕುಡಿಯುತ್ತಾ, ತಮ್ಮನ್ನಲ್ಲ ಎಂಬಂತೆ ಪೇಪರು ಓದುತ್ತಿದ್ದರು. ನಾಲ್ಕು ಸಲ ಕೇಳಿದವರು ಐದನೇ ಸಲ ಸುಮ್ಮನೆ ಚಕ್ರ ಬಿಚ್ಚಿ ಅಮ್ಮನ ಮುಂದಿಟ್ಟರು.

ರೇಸ್ ಸೈಕಲ್ಲುಗಳು ಬಂದಿದ್ದು ಮೈಸೂರಿನಿಂದ. ಭಾನುವಾರದ ಬೆಳಗ್ಗೆ ಹುಣಸೂರಿನ ಮೇಲೆ ಹಾದು ಕೊಡಗಿನ ಕಡೆಗೆ ಗುಂಪುಗುಂಪಾಗಿ ಸೈಕಲ್ ತುಳಿಯುವವರು ಶುರುವಾದ ದಿನಗಳವು. ಅವರಲ್ಲೊಬ್ಬನ ಹಿಂದಿನ ಚಕ್ರದ ನಾಲ್ಕು ಸ್ಪೋಕು ಪಿರಿಯಾಪಟ್ಟಣದಲ್ಲೇ ಮುರಿದವು. ಶಿವರುದ್ರಮ್ಮ ಇಪ್ಪತ್ತು ನಿಮಿಷದಲ್ಲಿ ಕಟ್ಟಿಕೊಟ್ಟ ಚಕ್ರ ಮಡಿಕೇರಿ ನೋಡಿಕೊಂಡು ಮೈಸೂರು ಸೇರಿತು. ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಹಾಗೆ ಕೇಳಿಸಿಕೊಂಡವರಲ್ಲಿ ಭೇರ್ಯದ ನಟರಾಜು ಮೇಷ್ಟ್ರೂ ಒಬ್ಬರು.

ನಟರಾಜು ಕೆ.ಆರ್. ನಗರದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವರು. ಹುಡುಗರನ್ನು ಬೈಯುವ ಅವರ ದನಿ ಮೂರು ಬೀದಿ ದಾಟಿ ಕೇಳುತ್ತಿತ್ತಂತೆ. ಪ್ರಾಯದಲ್ಲಿ ಅವರೂ ಅವರ ಗೆಳೆಯ ಕಾಂತರಾಜ್ ಕೂಡ ಸುತ್ತಮುತ್ತಲ ಸೈಕಲ್ ರೇಸುಗಳಲ್ಲೆಲ್ಲ ಓಡಿದವರು. ಇಬ್ಬರೂ ಒಂದೇ ದಿನ, ಒಂದೇ ಬಣ್ಣದ, ಒಂದೇ ಅಳತೆಯ ಎರಡು ನೀಲಿ ಸೈಕಲ್ ಕೊಂಡಿದ್ದರು. ಹನ್ನೆರಡು ವರ್ಷದ ಹಿಂದೆ ನಟರಾಜು ತಮ್ಮ ಸೈಕಲ್ಲನ್ನು ತಂದು, ಹೊಸ ಗೇರು ಕೂರಿಸಿಕೊಡಮ್ಮ ಎಂದಾಗ ಶಿವರುದ್ರಮ್ಮನವರಿಗೆ ಅದು ಮೊದಲನೆಯ ಹಳೆಯ ಫ್ರೇಮು. ಹಿಂದಿನ ಜಾಗ ಸಾಲದು ಎಂದು ಚಕ್ರ ಇಟ್ಟ ಕೂಡಲೇ ತಿಳಿಯಿತು. ಅಗಲ ಮಾಡಬೇಕು. ಹೇಗೆ?

ಅದು ಸೊಪ್ಪು ಬೇಯಿಸುವ ಕಾಲ. ಮನೆಯ ಬ್ಯಾರನ್ನಿನ ಒಲೆ ಹಗಲು ರಾತ್ರಿ ಉರಿಯುತ್ತಿತ್ತು. ಈ ಸೀಮೆಯಲ್ಲಿ ಹಾರೆ ಬಾಗಿದರೂ, ಗುದ್ದಲಿ ಸೊಟ್ಟಗಾದರೂ, ಬಾಗಿಲ ಅಗುಳಿ ನೆಟ್ಟಗಾಗಬೇಕಾದರೂ ಬ್ಯಾರನ್ನಿನ ಒಲೆಯ ಬಾಯಿಗೆ ಇಡುವುದು ರೂಢಿ. ಶಿವರುದ್ರಮ್ಮ ಫ್ರೇಮಿನ ಹಿಂಭಾಗವನ್ನು ಆ ಒಲೆಗೆ ಕೊಟ್ಟರು.

“ಕೆಂಪುಗೆ ಕಾದ ಮೇಲೆ ಬೆಣ್ಣೆ ಅಂಗೆ ಬಾಗ್ತು ಕಣ್ರೀ. ಎಷ್ಟು ಸಲೀಸು! ನನ್ ಕೈ ಕಂಡು ನಂಗೇ ಹೆಮ್ಮೆ ಆಯ್ತು. ಅಷ್ಟು ಸಲೀಸಾಗಿ ಬಾಗಿದ್ದು ಅಷ್ಟೇ ಸಲೀಸಾಗಿ ಮುರೀತದೆ ಅಂತ ಗೊತ್ತಾಗ್ನಿಲ್ಲ.”

ರೇಸ್ ಸೈಕಲ್ಲಿನ ಕೊಳವೆ ಹಾರೆಯಂಥದ್ದಲ್ಲ. ತೀರಾ ತೆಳು. ಅದರ ಗಟ್ಟಿತನ ಇರುವುದು ತಯಾರಿಸುವಾಗ ಅದಕ್ಕೆ ಕೊಟ್ಟ ಹದದಲ್ಲಿ. ಕೆಂಪಗೆ ಕಾಯಿಸಿದರೆ ಆ ಹದ ಹೋಗುತ್ತದೆ, ಮೂಲೆಗಳ ಹಿತ್ತಾಳೆ ಬೆಸುಗೆಯೂ ಸಡಿಲವಾಗುತ್ತದೆ. ಹೊರಗೆ ಬಣ್ಣ ಬಳಿದರೆ ಏನೂ ಕಾಣುವುದಿಲ್ಲ. ಮೂರು ವಾರ ಮೇಷ್ಟ್ರು ಖುಷಿಯಾಗಿ ತುಳಿದರು. ನಾಲ್ಕನೇ ವಾರ ಬೆಟ್ಟದಪುರ ರಸ್ತೆಯ ಕೆರೆ ಏರಿಯ ಇಳಿಜಾರಿನಲ್ಲಿ ಬಲಗಡೆಯ ತೋಳು ಮಡಚಿಕೊಂಡಿತು. ಮೇಷ್ಟ್ರ ಹೆಗಲಿನ ಮೂಳೆ ಮುರಿಯಿತು, ಮುಂದಿನ ಎರಡು ಹಲ್ಲು ಹೋದವು.

ಶಿವರುದ್ರಮ್ಮ ಬ್ರೆಡ್ಡು ಹಣ್ಣು ಹಿಡಿದು ಆಸ್ಪತ್ರೆಗೆ ಹೋದಾಗ, ದಾರಿಯುದ್ದಕ್ಕೂ ಬೈಗುಳಕ್ಕೆ ಮೈ ಒಡ್ಡಲು ಸಿದ್ಧವಾಗಿಯೇ ಹೋಗಿದ್ದರು. ಮೂರು ಬೀದಿಗೆ ಕೇಳುವ ದನಿಯ ಮೇಷ್ಟ್ರು ಅಂದು ಕಣ್ಣು ತೆರೆದು ನೋಡಿ, “ಬಿಸಿಲಲ್ಲಿ ಬಂದ್ಯೇನಮ್ಮ? ಕಾಫಿ ಕುಡಿದ್ಯಾ?” ಎಂದಷ್ಟೇ ಕೇಳಿದರು. ಸೈಕಲ್ಲಿನ ಮಾತೇ ಎತ್ತಲಿಲ್ಲ. ಆಮೇಲೆ ಅಂಗಡಿಯ ಕಡೆ ಬರಲೂ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ ನಮಸ್ಕಾರ, ಕ್ಷೇಮಸಮಾಚಾರ, ಅಷ್ಟೆ.

“ಬೈದಿದ್ರೆ ಅವತ್ತೇ ಅತ್ಬುಟ್ಟು ಮರ್ತುಬುಡ್ತಿದ್ದೆ,” ಎನ್ನುತ್ತಾರೆ ಶಿವರುದ್ರಮ್ಮ. “ಅವ್ರು ಬೈನಿಲ್ಲ ನೋಡಿ. ಅದು ಒಳುಗೇ ಕೂತ್ಕತು. ಮೇಷ್ಟ್ರು ಒಂದ್ಸಲ ಬಾಯ್ತುಂಬ ಬೈದ್ಬುಟ್ರೆ ಸಾಕಪ್ಪಾ ಅಂತ ದೇವ್ರುನ್ನ ಎಷ್ಟ್ ಕೇಳ್ಕಂಡಿದೀನಿ.”

ರಸ್ತೆ ಬದಿಯಲ್ಲಿ ಬಿದ್ದಿದ್ದ ಮುರುಕಲು ಫ್ರೇಮನ್ನು ಎತ್ತಿಕೊಂಡು ಬಂದವರು ಮಲ್ಲೇಶ್. ಅದನ್ನು ಗೋಡೆಗೆ ಹಾಕಿದವರು ಶಿವರುದ್ರಮ್ಮ. ಒಂದು ವರ್ಷ ಅವರು ಹಳೆಯ ಸೈಕಲ್ ಮುಟ್ಟಲಿಲ್ಲ. ಆ ವರ್ಷ ಬೇರೊಂದು ಕೆಲಸ ಮಾಡಿದರು. ಗುಜರಿಯಿಂದ ಹಳೆಯ ಫ್ರೇಮುಗಳನ್ನು ತಂದು, ಒಂದನ್ನೂ ಕಾಯಿಸದೆ, ಹಲಗೆ ಕೊಟ್ಟು ಒತ್ತಿ ಒತ್ತಿ ಬೇಕೆಂದೇ ಮುರಿದರು. ಎಷ್ಟು ಒತ್ತಿದರೆ ವಾಪಸ್ ಬರುತ್ತದೆ, ಎಷ್ಟಕ್ಕೆ ನಿಲ್ಲುತ್ತದೆ, ಬಿರಿಯುವ ಮೊದಲು ಯಾವ ಸದ್ದು ಮಾಡುತ್ತದೆ ಎಂದು ಕೇಳಿಸಿಕೊಂಡರು. ಹೀಗೆ ಏಳು ಫ್ರೇಮು ಮುರಿದ ಮೇಲೆ ಎಂಟನೆಯದು ಮುರಿಯಲಿಲ್ಲ. ಅಳತೆಗೆ ಮನೆಯಲ್ಲೇ ಇದ್ದ ಸೊಪ್ಪು ಕಟ್ಟುವ ದಾರ ಸಿಕ್ಕಿತು. ಎಳೆದರೆ ಹಿಗ್ಗುವುದಿಲ್ಲ, ಬೆರಳಿಗೆ ರೂಢಿಯೂ ಇತ್ತು.

ಆಮೇಲೆ ಬಂದ ಮೊದಲ ಗಿರಾಕಿ ಎಚ್.ಡಿ. ಕೋಟೆಯ ಮೇಲೆ, ಕಾಕನಕೋಟೆಯ ಕಾಡು ದಾಟಿ ಬಂದ ಕೇರಳದ ಮಾನಂದವಾಡಿಯ ಡಾಕ್ಟರು. ಗೋಡೆಯ ಮುಂದೆ ನಿಂತು ಕಥೆಯೆಲ್ಲ ಕೇಳಿದ ಅವರು ಹರಕು ಮುರುಕು ಕನ್ನಡದಲ್ಲಿ, “ಚೇಚಿ, ಅಕ್ಕಾ, ನಮ್ಮ ಡಾಕ್ಟರ್ ಮಂದಿ ಹೀಗೆ ಬೋರ್ಡ್ ಹಾಕಿದ್ರೆ ಗೋಡೆ ಸಾಕಾಗಲ್ಲ,” ಎಂದು ಸೈಕಲ್ಲನ್ನು ಅಲ್ಲೇ ಬಿಟ್ಟು ಹೋದರು. ಈಗಲೂ ಅವರು ವರ್ಷಕ್ಕೊಮ್ಮೆ ಬರುತ್ತಾರೆ, ಬರುವಾಗ ಕಾಳುಮೆಣಸು ತರುತ್ತಾರೆ.

ಇಂದಿಗೆ ನೂರ ಮೂವತ್ತೇಳು ಫ್ರೇಮುಗಳು ಈ ಅಂಗಡಿಯಿಂದ ಹೊರಬಿದ್ದಿವೆ. ಎಣಿಕೆ ಇರುವುದು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ. ಪ್ರತಿ ಫ್ರೇಮಿಗೂ ಒಂದೊಂದು ಹೊಸ ದಾರ. ಕೆಲಸ ಮುಗಿದು, ಸೈಕಲ್ಲಿನವರು ತುಳಿದು ನೋಡಿ ಒಪ್ಪಿದ ಮೇಲೆ ಆ ದಾರವನ್ನು ಸುತ್ತಿ ಹೆಸರಿನ ಚೀಟಿ ಕಟ್ಟಿ ಡಬ್ಬಿಗೆ ಹಾಕುತ್ತಾರೆ. ಒಂದು ಸೈಕಲ್ಲಿಗೆ ಒಂಬತ್ತು ಹತ್ತು ದಿನ, ತಿಂಗಳಿಗೆ ಮೂರಕ್ಕಿಂತ ಹೆಚ್ಚು ಒಪ್ಪುವುದಿಲ್ಲ. ಫ್ರೇಮಿಗೆ ತೂತು ಕೊರೆಯುವಂತಿಲ್ಲ, ಏನನ್ನೂ ಕತ್ತರಿಸುವಂತಿಲ್ಲ, ಹಳೆಯ ಬಣ್ಣ ಕೆರೆಯುವಂತಿಲ್ಲ. ಬಿಚ್ಚಿದ ಹಳೆಯ ಸಾಮಾನೆಲ್ಲ, ಕೊನೆಯ ಬೇರಿಂಗ್ ಗುಂಡಿನವರೆಗೆ, ಒಂದು ಚೀಲದಲ್ಲಿ ಕಟ್ಟಿ ಮಾಲೀಕರ ಕೈಗೆ ಕೊಡಬೇಕು.

“ನಾಳೆ ಅವ್ರ ಮೊಮ್ಮಕ್ಳು ಮೊದ್ಲಿದ್ದಂಗೇ ಬೇಕು ಅಂದ್ರೆ? ನಾವು ಸೇರ್ಸೋರು ಅಷ್ಟೆ. ಕಳ್ಯೋರಲ್ಲ,” ಎನ್ನುತ್ತಾರೆ.

ಕೆಲಸ ಮೈಯನ್ನು ತಿನ್ನದೆ ಬಿಟ್ಟಿಲ್ಲ. ಬಲ ಮಣಿಕಟ್ಟು ಚಳಿಗಾಲದಲ್ಲಿ ಊದುತ್ತದೆ. ಹತ್ತಿರದ್ದು ಕಾಣಲು ಒಂದು ಕನ್ನಡಕ, ಅದರ ಮೇಲೆ ಇನ್ನೊಂದು ಕನ್ನಡಕ. ಒತ್ತುವ ಬಲಗಾಲಿನ ಹಿಮ್ಮಡಿ ಕಲ್ಲಿನಷ್ಟು ಗಟ್ಟಿಯಾಗಿದೆ. ಊರಿನಲ್ಲಿ ಅರ್ಧ ಜನಕ್ಕೆ ಇವರು ಇನ್ನೂ ಪಂಕ್ಚರ್ ಮಲ್ಲೇಶನ ಹೆಂಡತಿ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿಲ್ಲ.

ಇಷ್ಟಾದರೂ ನೂರ ಮೂವತ್ತೇಳರಲ್ಲಿ ಯಾವುದಕ್ಕೂ ಹಿಂಜರಿಯದ ಅವರು ನೂರ ಮೂವತ್ತೆಂಟನೆಯದಕ್ಕೆ ಹಿಂಜರಿದಿದ್ದಾರೆ. ಈಗ ಕಾಲಿನ ನಡುವೆ ಇರುವ ನೀಲಿ ಫ್ರೇಮು ಗೋಡೆಯ ಮೇಲಿನದರ ಜೋಡಿ. ಕಾಂತರಾಜ್ ಅವರದು. ನಾಲ್ಕು ವರ್ಷದ ಹಿಂದೆ ಕಾಂತರಾಜ್ ತೀರಿಕೊಂಡರು. ಸೈಕಲ್ಲು ಅವರ ಬ್ಯಾರನ್ನಿನ ಅಟ್ಟದಲ್ಲಿ ಹೊಗೆ ಕುಡಿಯುತ್ತಾ ಕೂತಿತ್ತು. ಅವರ ಹೆಂಡತಿ ಪ್ರೇಮಮ್ಮ ಅದನ್ನು ನಟರಾಜು ಮೇಷ್ಟ್ರಿಗೆ ಕೊಟ್ಟು, ಇದನ್ನು ನೀವು ತುಳಿದರೆ ಅವರೇ ತುಳಿದ ಹಾಗೆ ಎಂದರು. ಮೇಷ್ಟ್ರಿಗೆ ಈಗ ಅರವತ್ತಾರು. ಮಂಡಿ ಸವೆದಿದೆ. ನಡೆಯುವುದು ಕಡಿಮೆ ಮಾಡಿ, ಹಗುರವಾಗಿ ಸೈಕಲ್ ತುಳಿಯಿರಿ ಎಂದು ಡಾಕ್ಟರು ಹೇಳಿದ್ದಾರೆ. ಹಳೆಯ ಐದು ಗೇರು ಅವರ ಮಂಡಿಗೆ ಭಾರ, ಏರು ಹತ್ತುವುದಿಲ್ಲ.

ಮೇಷ್ಟ್ರು ಎರಡು ಸಲ ಹೇಳಿಕಳಿಸಿದರು. ಮೈಸೂರಿಗೆ ತೆಗೆದುಕೊಂಡು ಹೋಗಲಿ ಎಂದು ಶಿವರುದ್ರಮ್ಮ ಎರಡು ಸಲವೂ ಜಾರಿಕೊಂಡರು. ಮೂರನೇ ಸಲ ಮೇಷ್ಟ್ರೇ ಹಳೆಯ ಪಂಚೆಯಲ್ಲಿ ಫ್ರೇಮು ಸುತ್ತಿಕೊಂಡು ಬಸ್ಸಿನಲ್ಲಿ ಬಂದಿಳಿದರು. ಹನ್ನೆರಡು ವರ್ಷದ ಮೇಲೆ ಷಟರಿನ ಕೆಳಗೆ ಬಗ್ಗಿ ಒಳಗೆ ಬಂದು, ತಲೆಯೆತ್ತಿ, ಗೋಡೆಯ ಮೇಲೆ ತಮ್ಮ ಸೈಕಲ್ಲನ್ನೂ ಅದರ ಕೆಳಗಿನ ಬರಹವನ್ನೂ ನೋಡಿದರು. ಬಹಳ ಹೊತ್ತು ನೋಡಿದರು.

“ಇದ್ಯಾಕಮ್ಮ ಇಲ್ಲಿ ನೇತಾಕಿದೀಯ?” ಎಂದರು. ಪಂಚೆಯ ಗಂಟನ್ನು ಬೆಂಚಿನ ಮೇಲಿಟ್ಟು, “ನಿನ್ನ ಕೈಲಿ ಆದ್ರೆ ಮಾಡು. ಇಲ್ದಿದ್ರೆ ತಿರ್ಗ ಅಟ್ಟಕ್ಕೆ ಹಾಕ್ತೀನಿ. ಬೇರೆಯವ್ರಿಗಂತೂ ಕೊಡಲ್ಲ,” ಎಂದು ಮುಂದಿನ ಬಸ್ಸಿಗೆ ಹೊರಟುಹೋದರು.

ನಲವತ್ತು ದಿನ ಆ ಗಂಟು ಬಿಚ್ಚಲಿಲ್ಲ. ಮತ್ತೊಮ್ಮೆ ಮುರಿದರೆ ಜೋಡಿಯಲ್ಲಿ ಇನ್ನೊಂದಿಲ್ಲ. ಮುರಿಯುವಾಗ ಅದರ ಮೇಲಿರುವವರು ಅದೇ ಮೇಷ್ಟ್ರು, ಈ ವಯಸ್ಸಿನಲ್ಲಿ. ಮಲ್ಲೇಶ್ ಶುಕ್ರವಾರ ಗಂಟಿನ ಮೇಲಿನ ಧೂಳನ್ನೂ ಒರೆಸಿದರು. ನಲವತ್ತೊಂದನೇ ದಿನ ಶಿವರುದ್ರಮ್ಮ ಬಸ್ ಸ್ಟ್ಯಾಂಡಿನಲ್ಲಿ ಮೇಷ್ಟ್ರನ್ನು ದೂರದಿಂದ ಕಂಡರು. ರೇಸಿನಲ್ಲಿ ಗಾಳಿಯಂತೆ ಹೋಗುತ್ತಿದ್ದ ಮನುಷ್ಯ ಎರಡೂ ಕೈಯಲ್ಲಿ ಕಂಬಿ ಹಿಡಿದು, ಪಕ್ಕಕ್ಕೆ ತಿರುಗಿ, ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು. ಶಿವರುದ್ರಮ್ಮ ಕೊಳ್ಳಲು ಹೋಗಿದ್ದ ಸೊಪ್ಪು ತರಕಾರಿ ಮರೆತು ಅಂಗಡಿಗೆ ಬಂದು ಗಂಟು ಬಿಚ್ಚಿದರು. ಒಳಗಿಂದ ಬ್ಯಾರನ್ನಿನ ಹೊಗೆಯ ವಾಸನೆ ಎದ್ದಿತು.

ಒಂಬತ್ತನೇ ದಿನ ಕೆಲಸ ಮುಗಿದಿದೆ. ನೂರ ಮೂವತ್ತಕ್ಕೆ ಸರಿಯಾಗಿ ತೋಳುಗಳು ನಿಂತಿವೆ, ದಾರದ ಎರಡೂ ಕಡೆ ಒಂದೇ ಅಳತೆ. ಚಕ್ರ ಕೈಯಲ್ಲೇ ಕಟ್ಟಿದ್ದು. ಏರು ಹತ್ತಲು ತಟ್ಟೆಯಗಲದ ದೊಡ್ಡ ಹಲ್ಲುಚಕ್ರ, ಬ್ರೇಕ್ ಹಿಡಿಯಲ್ಲೇ ಗೇರು ಬದಲಿಸುವ ವ್ಯವಸ್ಥೆ. ಹೊಸ ಚಕ್ರದ ಸುತ್ತಳತೆ ಹಳೆಯದಕ್ಕಿಂತ ಚೂರು ಕಡಿಮೆಯಾದ್ದರಿಂದ ರಿಮ್ಮಿಗೆ ಎಟುಕುವಷ್ಟು ಉದ್ದದ ಬ್ರೇಕು ಹಾಕಿದ್ದಾರೆ. ಸೀಟು ಮಾತ್ರ ಕಾಂತರಾಜ್ ಅವರದೇ.

ಭಾನುವಾರ ಮೊದಲ ಬಸ್ಸಿಗೆ ಮೇಷ್ಟ್ರು ಬಂದಿದ್ದಾರೆ. ಖಾಕಿ ಚಡ್ಡಿ, ಬಿಳಿ ಕ್ಯಾನ್ವಾಸ್ ಶೂ, ಕುತ್ತಿಗೆಯಲ್ಲಿ ಹಳೆಯ ವಿಷಲ್ಲು. ಸೈಕಲ್ಲಿನ ಸುತ್ತ ಒಂದು ಸುತ್ತು ಬಂದು ಏರುತ್ತಾರೆ.

“ಮೇಷ್ಟ್ರೇ, ಕೆರೆ ಏರಿ ಕಡೆ ಬ್ಯಾಡಿ. ಮೈಸೂರ್ ರಸ್ತೆ ಮಟ್ಟುಸವಾಗಿ ಅದೆ, ಅಲ್ಲಿಗೋಗಿ,” ಎಂದು ಶಿವರುದ್ರಮ್ಮ ಹ್ಯಾಂಡಲ್ ಬಿಡುವುದಿಲ್ಲ.

“ಅಲ್ಲಿಗೇ ಹೋಗ್ಬೇಕು ಕಣಮ್ಮ. ಬಿಡು.”

ನೀಲಿ ಸೈಕಲ್ಲು ಬೆಟ್ಟದಪುರದ ಕಡೆ ತಿರುಗಿ ಮರೆಯಾಗುತ್ತದೆ. ಶಿವರುದ್ರಮ್ಮ ಹಾಲಿನವನ ಸೈಕಲ್ಲಿನ ಚಕ್ರ ಎತ್ತಿಕೊಂಡು ಕೂರುತ್ತಾರೆ. ಬೆಂಡು ಎಲ್ಲಿದೆ ಎಂದು ನೋಡುವವರಂತೆ ತಿರುಗಿಸುತ್ತಾರೆ, ತಿರುಗಿಸುತ್ತಲೇ ಇರುತ್ತಾರೆ. ಕಣ್ಣು ರಸ್ತೆಯ ಮೇಲಿದೆ. ಮಲ್ಲೇಶ್ ಎದುರಿನ ಅಂಗಡಿಯಲ್ಲಿ ಟೀ ಕುಡಿಯಲು ಹೋಗಿಲ್ಲ. ಮೊಪೆಡ್ಡಿನ ಬೀಗದ ಕೈ ಬೆರಳಿಗೆ ಸಿಕ್ಕಿಸಿಕೊಂಡು ನಿಂತಿದ್ದಾರೆ, ಅದರ ಮುಂದಿನ ಚೀಲದಲ್ಲಿ ಹತ್ತಿ ಮತ್ತು ಬ್ಯಾಂಡೇಜು ಕಾಣುತ್ತಿದೆ. ಹೆಂಡತಿ ಅತ್ತ ನೋಡಿದಾಗ, “ಇರ್ಲಿ ಬುಡು ಅಂತ,” ಎನ್ನುತ್ತಾರೆ.

ಇಪ್ಪತ್ತು ನಿಮಿಷ. ನಲವತ್ತು ನಿಮಿಷ. ಡೇರಿಯ ಸಾಲು ಕರಗಿ ಹೋಗುತ್ತದೆ. ಒಂದು ಗಂಟೆಯಾಗುತ್ತಾ ಬಂದಾಗ ಮಲ್ಲೇಶ್ ಮೊಪೆಡ್ಡಿನ ಸ್ಟ್ಯಾಂಡು ತೆಗೆಯುತ್ತಾರೆ. ಆಗ ರಸ್ತೆಯ ತಿರುವಿನಿಂದ ಕಿಟಿಕಿಟಿ ಎಂದು ಹಿಂಚಕ್ರ ಬರಿದೇ ತಿರುಗುವ ಸದ್ದು. ಹಿಂದೆಯೇ ಮೇಷ್ಟ್ರು, ಬೆನ್ನು ಬಗ್ಗಿಸಿ, ಹ್ಯಾಂಡಲಿನ ಕೆಳಗಿನ ಬಾಗು ಹಿಡಿದು, ಬೆವರಿನಲ್ಲಿ ಮಿಂದು ಬರುತ್ತಿದ್ದಾರೆ. ಅಂಗಡಿಯ ಮುಂದೆ ಇಳಿದು ಸೈಕಲ್ಲನ್ನು ಗೋಡೆಗೆ ಒರಗಿಸುತ್ತಾರೆ. ಟವಲಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ. ಮುಖ ಗಂಟಿಕ್ಕಿದೆ. ಶಿವರುದ್ರಮ್ಮನವರ ಕೈಯಲ್ಲಿದ್ದ ಚಕ್ರ ನಿಂತುಹೋಗಿದೆ.

“ರುದ್ರಮ್ಮ, ಬಾ ಇಲ್ಲಿ!” ಮೂರು ಬೀದಿಗೆ ಕೇಳುವ ದನಿ. ಡೇರಿಯ ಮುಂದಿನ ನಾಯಿಗಳು ಎದ್ದು ನಿಲ್ಲುತ್ತವೆ. “ಏನ್ ಕೆಲ್ಸ ಇದು? ಹಿಂದಿನ್ ಬ್ರೇಕು ಕೆರೆ ಏರಿ ಇಳ್ಯೋವರ್ಗೂ ಕುಯ್ಯೋ ಅಂತದೆ! ದನ ಮೇಯ್ಸೋರೆಲ್ಲ ತಿರುಗಿ ತಿರುಗಿ ನೋಡ್ತಾವ್ರೆ. ಇಷ್ಟ್ ವರ್ಷದಿಂದ ಮಾಡ್ತಾ ಇದೀಯ, ಒಂದು ಬ್ರೇಕ್ ರಬ್ಬರು ನೆಟ್ಟಗೆ ಕೂರ್ಸಕ್ಕೆ ಬರಲ್ವಾ ನಿಂಗೆ? ಗಮನ ಎಲ್ಲಿತ್ತು?”

ಶಿವರುದ್ರಮ್ಮನವರ ಕಣ್ಣು ತುಂಬಿ ಬಂದಿದೆ, ತುಟಿಯಲ್ಲಿ ನಗು ನಿಲ್ಲುತ್ತಿಲ್ಲ. ಎರಡು ಕನ್ನಡಕವನ್ನೂ ತೆಗೆದು ಸೆರಗಿನಲ್ಲಿ ಒರೆಸುತ್ತಾರೆ.

“ಮೇಷ್ಟ್ರೇ, ಇನ್ನೊಂದ್ಸಲ ಏಳಿ.”

“ಏನನ್ನ?”

“ಅದೇ, ಈಗ ಬೈದ್ರಲ್ಲ. ಇನ್ನೊಂದ್ಸಲ ಬೈರಿ.”

ಮೇಷ್ಟ್ರು ಅವರ ಮುಖ ನೋಡುತ್ತಾರೆ. ಆಮೇಲೆ ಅವರ ಹಿಂದೆ ಗೋಡೆಯ ಮೇಲಿರುವ ಮುರಿದ ಫ್ರೇಮು ನೋಡುತ್ತಾರೆ. ಗಂಟಲು ಸರಿಮಾಡಿಕೊಂಡು, ಈ ಸಲ ಅಷ್ಟೇನೂ ಜೋರಿಲ್ಲದ ದನಿಯಲ್ಲಿ, ತಡವರಿಸುತ್ತಾ ಬೈಯುತ್ತಾರೆ.

“ಬುದ್ಧಿ ಇಲ್ವೇನಮ್ಮ ನಿಂಗೆ? ಸೈಕಲ್ನ ಯಾರಾದ್ರೂ ಒಲೆಗಿಡ್ತಾರಾ?”

“ಇಡ್ಬಾರ್ದಾಗಿತ್ತು, ಮೇಷ್ಟ್ರೇ.”

“ಹೂಂ. ಇನ್ಮೇಲೆ ಇಡ್ಬೇಡ.”

ಶಿವರುದ್ರಮ್ಮ ಸ್ಪ್ಯಾನರ್ ಹಿಡಿದು ನೀಲಿ ಸೈಕಲ್ಲಿನ ಹಿಂಚಕ್ರದ ಬಳಿ ಕುಕ್ಕರಗಾಲಲ್ಲಿ ಕೂರುತ್ತಾರೆ. ಸೆರಗಿನ ತುದಿಯಲ್ಲಿ ಒಂಬತ್ತು ದಿನದಿಂದ ಗಂಟಿದ್ದ ದಾರವನ್ನು ಬಿಚ್ಚಿ, ತಿರುಗಿ ನೋಡದೆಯೇ ಗಂಡನ ಕಡೆ ಚಾಚುತ್ತಾರೆ. ಮಲ್ಲೇಶ್ ಬಿಸ್ಕತ್ತಿನ ಡಬ್ಬಿ ಇಳಿಸಲು ಒಳಗೆ ಹೋಗುತ್ತಾರೆ.

“ಕೂತ್ಕಳಿ ಮೇಷ್ಟ್ರೇ, ಕಾಫಿ ಬತ್ತದೆ,” ಎನ್ನುತ್ತಾರೆ ಶಿವರುದ್ರಮ್ಮ, ಬಂದ ಗಿರಾಕಿಗಳಿಗೆಲ್ಲ ಹೇಳುವ ಹಾಗೆಯೇ. “ಎರ್ಡೇ ನಿಮ್ಸ. ಸರಿ ಮಾಡ್ಕೊಡ್ತೀನಿ.”